ಚಪ್ಪಲಿ ತರುವ ನಾಯಿಗೆ ಬೇಟೆನಾಯಿಯ ಪಾಠ: ಬೆಂಗಳೂರಿನ ಮನೆಯಲ್ಲಿ, ಹೊಡೆಯದೆ ಬಡಿಯದೆ

ನಮ್ಮ ಬೆಲ್ಲ ನಾಲ್ಕು ತಿಂಗಳ ಮರಿಯಾಗಿದ್ದಾಗ ಬಾಗಿಲ ಹೊರಗೆ ಬಿಟ್ಟ ಒಂದು ಚಪ್ಪಲಿಯೂ ಬಿಟ್ಟಲ್ಲಿ ಇರುತ್ತಿರಲಿಲ್ಲ. ಬಾಯಲ್ಲಿ ಕಚ್ಚಿಕೊಂಡು, ಬಾಲ ಆಡಿಸುತ್ತಾ, ನೇರವಾಗಿ ನಡುಮನೆಗೆ ತರುತ್ತಿದ್ದಳು. ನಾವು "ಏಯ್, ಬಿಡು!" ಎಂದು ಕೂಗಿ ಹಿಂದೆ ಓಡುತ್ತಿದ್ದೆವು. ಒಂದು ತಿಂಗಳಲ್ಲಿ ಅವಳು ಎರಡು ಪಾಠ ಕಲಿತಳು. ಬಾಯಲ್ಲಿ ಏನಾದರೂ ಇದ್ದರೆ ಮನುಷ್ಯರ ಹತ್ತಿರ ಬರಬಾರದು. ದಿವಾನದ ಕೆಳಗೆ ನುಗ್ಗಿದರೆ ಯಾರ ಕೈಗೂ ಸಿಗುವುದಿಲ್ಲ. ಎರಡನ್ನೂ ಕಲಿಸಿದ್ದು ನಾವೇ.

ಲ್ಯಾಬ್ರಡಾರ್ ಚಪ್ಪಲಿ ಹೊತ್ತು ತರುವುದು ಕಳ್ಳತನವಲ್ಲ, ಕುಲಕಸುಬು. ಇದರ ಹಿರಿಯರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಮೀನುಗಾರರ ಜೊತೆ ದುಡಿಯುತ್ತಿದ್ದ ನಾಯಿಗಳು. 19ನೇ ಶತಮಾನದಲ್ಲಿ ಅವು ಬ್ರಿಟನ್ನಿಗೆ ಹೋದವು. ಅಲ್ಲಿನ ಜಮೀನುದಾರರು ಹೊಸ ಕೆಲಸ ಕೊಟ್ಟರು. ಗುಂಡೇಟಿಗೆ ಬಿದ್ದ ಹಕ್ಕಿಯನ್ನು ಹುಡುಕಿ, ಹಲ್ಲು ನಾಟದ ಹಾಗೆ ಕಚ್ಚಿಕೊಂಡು, ಯಜಮಾನನ ಕೈಗೆ ತಂದುಕೊಡುವ ಕೆಲಸ. 1903ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಲ್ಯಾಬ್ರಡಾರನ್ನು ಒಂದು ತಳಿ ಎಂದು ಒಪ್ಪಿಕೊಂಡಿತು. ಗೋಲ್ಡನ್ ರಿಟ್ರೀವರ್ ಕಥೆ ಶುರುವಾಗುವುದು ಸ್ಕಾಟ್ಲೆಂಡಿನ ಒಂದು ಎಸ್ಟೇಟಿನಲ್ಲಿ 1868ರಲ್ಲಿ ಹುಟ್ಟಿದ ಮರಿಗಳಿಂದ. ಕಾಕರ್ ಸ್ಪ್ಯಾನಿಯಲ್‌ಗೆ ಆ ಹೆಸರು ಬಂದದ್ದೇ ವುಡ್‌ಕಾಕ್ ಎಂಬ ಹಕ್ಕಿಯಿಂದ. ಪೊದೆಗೆ ನುಗ್ಗಿ ಅದನ್ನು ಎಬ್ಬಿಸುವುದು ಕಾಕರ್ ಕೆಲಸ. ಬಂದೂಕಿನ ಜೊತೆ ದುಡಿಯುವ ಈ ತಳಿಗಳಿಗೆಲ್ಲ ಒಟ್ಟಾಗಿ ಗನ್ ಡಾಗ್ ಎಂದು ಹೆಸರು.

ನಮ್ಮಲ್ಲಿ ಬೇಟೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡುಪ್ರಾಣಿ, ಹಕ್ಕಿಗಳ ಬೇಟೆ ಅಪರಾಧ. ಅದು ಹಾಗೇ ಇರಲಿ. ಆದರೆ ನಾಯಿಯ ರಕ್ತದಲ್ಲಿರುವ ಆಸೆ ಎಲ್ಲೂ ಹೋಗಿಲ್ಲ. ಎರಡು ಕೋಣೆಯ ಮನೆಯಲ್ಲಿ ಅದಕ್ಕೆ ಕೆಲಸ ಸಿಗದಿದ್ದಾಗ ಚಪ್ಪಲಿ, ರಿಮೋಟು, ಮಗುವಿನ ಸಾಕ್ಸುಗಳೇ ಹಕ್ಕಿಗಳಾಗುತ್ತವೆ. ಹಕ್ಕಿಯ ಬದಲು ಬಟ್ಟೆಯ ಡಮ್ಮಿ ಇಟ್ಟುಕೊಂಡು ಅದೇ ಕೆಲಸವನ್ನು ಕಲಿಸಬಹುದು. ಕರೆದರೆ ಬರುವುದು, ದೂರದಲ್ಲೇ ನಿಲ್ಲುವುದು, ವಸ್ತು ಬಿದ್ದರೂ ಕೂತೇ ಇರುವುದು, ಹುಡುಕುವುದು, ತಂದು ಕೈಗೆ ಕೊಡುವುದು. ಇಷ್ಟೇ ಪಾಠ. ಬೆಲ್ಲನಿಗೆ ನಾನು ಇದನ್ನು ಕಲಿಸಿದ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ಮುಧೋಳ ನಾಯಿ ಇರುವವರಿಗೆ ಒಂದು ಮಾತು. ಅದು ಕಣ್ಣಿಂದ ನೋಡಿ ಅಟ್ಟಿಸಿಕೊಂಡು ಓಡುವ ನಾಯಿ. ತಂದುಕೊಡುವುದು ಅದರ ಹುಟ್ಟುಗುಣವಲ್ಲ. ಸೀಟಿಗೆ ಬರುವ ಪಾಠ, ಕೂರುವ ಪಾಠ ಮಾತ್ರ ಅದಕ್ಕೂ ಬೇಕು, ಬೀದಿಯಿಂದ ತಂದು ಸಾಕಿದ ನಾಯಿಗೂ ಬೇಕು.

ಯಾಕೆ ಹೊಡೆಯಬಾರದು

ಹಳೆಯ ಗನ್ ಡಾಗ್ ತರಬೇತಿಯಲ್ಲಿ ಕಿವಿ ಹಿಂಡಿ ಬಾಯಿ ತೆರೆಸಿ ಡಮ್ಮಿ ಹಿಡಿಸುವ ಪದ್ಧತಿ ಇತ್ತು. ಕೆಲವು ಕಡೆ ಈಗಲೂ ಇದೆ. ಕರೆಂಟ್ ಹೊಡೆಸುವ ಕಾಲರ್ ಕೂಡ ಉಂಟು. ವೇಲ್ಸ್ ದೇಶ 2010ರಲ್ಲೇ ಅದನ್ನು ನಿಷೇಧಿಸಿತು. ನಮ್ಮ ಮನೆಗೂ ಮೊದಲು ಒಬ್ಬ ತರಬೇತುದಾರರನ್ನು ಕರೆಸಿದ್ದೆವು. ಡಮ್ಮಿ ಬಿಡದಿದ್ದಾಗ ಕುತ್ತಿಗೆಯ ಚೈನನ್ನು ಜಗ್ಗಿದರು. ಬೆಲ್ಲ ಬಿಟ್ಟಳು, ನಿಜ. ಮುಂದಿನ ಎರಡು ವಾರ ಡಮ್ಮಿ ಕಂಡರೆ ಸಾಕು, ಕಿವಿ ಹಿಂದಕ್ಕೆ ಹಾಕಿ ಬಚ್ಚಲ ಮೂಲೆಗೆ ಹೋಗುತ್ತಿದ್ದಳು. ನೋವಾದಾಗ ನಾಯಿ ತನ್ನ ತಪ್ಪೇನು ಎಂದು ಯೋಚಿಸುವುದಿಲ್ಲ. ಆ ಹೊತ್ತಿಗೆ ಕಣ್ಣ ಮುಂದೆ ಏನಿತ್ತೋ ಅದಕ್ಕೆ ನೋವನ್ನು ಅಂಟಿಸಿಕೊಳ್ಳುತ್ತದೆ. ಅವಳ ಕಣ್ಣ ಮುಂದೆ ಇದ್ದದ್ದು ಡಮ್ಮಿ. ನಾವು ಅವಳಿಗೆ ಪ್ರೀತಿ ಹುಟ್ಟಿಸಬೇಕಾಗಿದ್ದ ವಸ್ತುವೇ ಅದು.

ಒಳ್ಳೆಯದಾದ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತದೆ. ಥಾರ್ನ್‌ಡೈಕ್ ಎಂಬ ಅಮೆರಿಕದ ವಿಜ್ಞಾನಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಇದನ್ನು ತೋರಿಸಿದ್ದು 1898ರಲ್ಲಿ. ಬಹುಮಾನದ ಪದ್ಧತಿ ಹೊಸ ಕಾಲದ ಫ್ಯಾಷನ್ ಎನ್ನುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ಆದರೆ ಗನ್ ಡಾಗ್ ವಿಷಯದಲ್ಲಿ ಒಂದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಬಹುಮಾನ ಎಂದರೆ ಬರೀ ತಿಂಡಿಯಲ್ಲ. ಓಡುವುದು, ಮೂಸುವುದು, ಬಾಯಲ್ಲಿ ಹೊರುವುದು, ಇವೇ ಇದಕ್ಕೆ ಬಿಸ್ಕತ್ತಿಗಿಂತ ದೊಡ್ಡ ಬಹುಮಾನ. ಪಾರಿವಾಳದ ಹಿಂದೆ ಓಡುವ ಕಾಕರ್ ಮೂಗಿನ ಮುಂದೆ ಕೋಳಿ ಹಿಡಿದರೂ ನೋಡುವುದಿಲ್ಲ, ಅಲ್ವಾ? ಹಾಗಾದರೆ ಓಡುವ ಅವಕಾಶವನ್ನೇ ಬಹುಮಾನ ಮಾಡಿ. "ನನ್ನ ಕಡೆ ನೋಡಿದರೆ ಓಡಲು ಬಿಡುತ್ತೇನೆ" ಎಂಬುದು ನಾಯಿಗೆ ಅರ್ಥವಾಗಬೇಕು. ಜಾಸ್ತಿ ಇಷ್ಟಪಡುವ ಕೆಲಸವನ್ನು ಕಡಿಮೆ ಇಷ್ಟದ ಕೆಲಸಕ್ಕೆ ಬಹುಮಾನವಾಗಿ ಕೊಡಬಹುದು ಎಂಬ ಈ ಮಾತನ್ನು 1959ರಲ್ಲಿ ಬರೆದಿಟ್ಟವರು ಡೇವಿಡ್ ಪ್ರಿಮ್ಯಾಕ್ ಎಂಬ ಅಮೆರಿಕದ ಮನೋವಿಜ್ಞಾನಿ. ಊಟ ಮುಗಿಸಿದರೆ ಆಟಕ್ಕೆ ಬಿಡುತ್ತೇನೆ ಎನ್ನುವ ನಮ್ಮ ಅಜ್ಜಿಯರಿಗೂ ಇದು ಗೊತ್ತಿತ್ತು.

ಏನೇನು ಬೇಕು

ಎರಡು ಡಮ್ಮಿ. ಅಂಗಡಿಯ ಕ್ಯಾನ್ವಾಸ್ ಡಮ್ಮಿ ದೊಡ್ಡ ನಾಯಿಗೆ ಸುಮಾರು 450 ಗ್ರಾಂ, ಮರಿಗೆ ಅದರ ಅರ್ಧ. ಶುರುವಿಗೆ ಕೊಳ್ಳಲೇಬೇಕಿಲ್ಲ. ಹಳೆ ಜೀನ್ಸ್ ಕಾಲನ್ನು ಒಂದು ಗೇಣು ಉದ್ದಕ್ಕೆ ಕತ್ತರಿಸಿ, ಬಟ್ಟೆ ತುಂಬಿ, ಎರಡೂ ಕಡೆ ಗಟ್ಟಿಯಾಗಿ ಹೊಲಿದರೆ ಸಾಕು. ಆದರೆ ಅದು ಆಟಿಕೆಯಲ್ಲ. ಪಾಠ ಮುಗಿದ ಕೂಡಲೇ ಬೀರುವಿನೊಳಗೆ ಹೋಗಬೇಕು. ಇಡೀ ದಿನ ಕಣ್ಣೆದುರು ಬಿದ್ದಿರುವ ವಸ್ತುವಿಗೆ ಬೆಲೆ ಇರುವುದಿಲ್ಲ.

ಹತ್ತು ಮೀಟರ್ ಹಗ್ಗ. ಇದನ್ನು ಕುತ್ತಿಗೆಯ ಬೆಲ್ಟಿಗೆ ಕಟ್ಟಬೇಡಿ, ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟಿ. ಓಡಿ ಕೊನೆಗೆ ತಲುಪಿದಾಗ ಕುತ್ತಿಗೆಗೆ ಪೆಟ್ಟು ಬೀಳಬಾರದು.

ಸೀಟಿ. ಇದರಲ್ಲಿ ಮಾತ್ರ ಕಂಜೂಸಿ ಬೇಡ. ನಮ್ಮ ಊರಲ್ಲಿ ಟ್ರಾಫಿಕ್ ಪೊಲೀಸರ ಸೀಟಿ, ರಾತ್ರಿ ಗಸ್ತಿನವರ ಸೀಟಿ, ಮಕ್ಕಳ ಪೀಪಿ, ಮನೆಯೊಳಗೆ ಕುಕ್ಕರ್ ಕೂಗು. ಒಳಗೆ ಗುಂಡು ಉರುಳುವ ಸಾಮಾನ್ಯ ಸೀಟಿ ಇವುಗಳಲ್ಲಿ ಕಳೆದುಹೋಗುತ್ತದೆ. ಗನ್ ಡಾಗ್‌ಗೆಂದೇ ಮಾಡಿದ, ಗುಂಡು ಇಲ್ಲದ ಸೀಟಿ ಸಿಗುತ್ತದೆ. ಅಕ್ಮೆ ಕಂಪನಿಯ 210.5 ಎಂಬ ನಂಬರನ್ನು ಸ್ಪ್ಯಾನಿಯಲ್‌ಗೂ 211.5 ಅನ್ನು ಲ್ಯಾಬ್ರಡಾರ್‌ಗೂ ಬಳಸುವುದು ವಾಡಿಕೆ. ಯಾವುದಾದರೂ ನಡೆಯುತ್ತದೆ, ನಂಬರ್ ಮಾತ್ರ ಬದಲಿಸಬೇಡಿ. ಒಂದೇ ನಂಬರಿನ ಸೀಟಿ ಎಷ್ಟು ಕೊಂಡರೂ ದನಿ ಒಂದೇ. ಎರಡು ತಂದರೆ ಒಂದು ಕಳೆದರೂ ಪಾಠ ನಿಲ್ಲುವುದಿಲ್ಲ.

ತಿಂಡಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿ ಎಲ್ಲಕ್ಕಿಂತ ಮೇಲು. ಮನೆಯಲ್ಲಿ ಮಾಂಸ ಮಾಡದವರು ಪನೀರ್, ಬೇಯಿಸಿದ ಸಿಹಿಗೆಣಸು, ತೆಂಗಿನಕಾಯಿಯ ಸಣ್ಣ ಚೂರು ಕೊಡಬಹುದು. ಕಡಲೆಕಾಳಿನಷ್ಟು ಸಾಕು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಪ್ರಸಾದದ ಕೇಸರಿಬಾತಿನಲ್ಲಿ ದ್ರಾಕ್ಷಿ ಇರುತ್ತದೆ, ನೆನಪಿರಲಿ.

ಮೊದಲ ಹೆಜ್ಜೆ: "ಹಾ!"

ನಾಯಿ ಸರಿಯಾದ ಕೆಲಸ ಮಾಡಿದ ಆ ಕ್ಷಣವನ್ನು ಗುರುತಿಸಿ ತೋರಿಸಲು ಒಂದು ಶಬ್ದ ಬೇಕು. ಕೆಲವರು ಕ್ಲಿಕ್ಕರ್ ಎಂಬ ಪುಟ್ಟ ಡಬ್ಬಿ ಬಳಸುತ್ತಾರೆ. ಡಾಲ್ಫಿನ್‌ಗಳಿಗೆ ಸೀಟಿಯಿಂದ ಕಲಿಸುತ್ತಿದ್ದ ಕ್ಯಾರೆನ್ ಪ್ರಯರ್ ಎಂಬಾಕೆ ಇದನ್ನು ನಾಯಿ ಸಾಕುವವರಿಗೆ ಪರಿಚಯಿಸಿ ಹೆಸರಾದರು. ನಾನು ಬಳಸುವುದು "ಹಾ!" ಎಂಬ ಚಿಕ್ಕ ಶಬ್ದ. ಕೈ ಖಾಲಿ ಇರುತ್ತದೆ.

ಮೂರು ದಿನ ಹೀಗೆ ಮಾಡಿ. "ಹಾ!" ಎನ್ನಿ, ತಿಂಡಿ ಕೊಡಿ. ಸಲಕ್ಕೆ ಹತ್ತು ಬಾರಿ. ನಾಯಿ ಏನೂ ಮಾಡಬೇಕಿಲ್ಲ. "ಹಾ!" ಕೇಳಿದ ಕೂಡಲೇ ಅದರ ತಲೆ ನಿಮ್ಮ ಕಡೆ ತಿರುಗಿದರೆ ಕಲಿತಂತೆ. ಶಬ್ದ ಮೊದಲು, ಕೈ ಆಮೇಲೆ ಚಲಿಸಬೇಕು. ಎರಡೂ ಒಟ್ಟಿಗೆ ಆದರೆ ನಾಯಿ ಶಬ್ದ ಬಿಟ್ಟು ಕೈಯನ್ನೇ ನೋಡುತ್ತದೆ.

ಇಲ್ಲೇ ಮಾತುಗಳನ್ನೂ ಆರಿಸಿಕೊಳ್ಳಿ. ಕನ್ನಡದಲ್ಲೇ ಇರಲಿ, ಮನೆಯ ಅಜ್ಜಿಯಿಂದ ಹಿಡಿದು ಎಲ್ಲರ ಬಾಯಲ್ಲೂ ಒಂದೇ ತರಹ ಬರುತ್ತದೆ. ಆದರೆ "ಬಾ" ಮತ್ತು "ತಾ" ನಾಯಿಯ ಕಿವಿಗೆ ಹೆಚ್ಚುಕಡಿಮೆ ಒಂದೇ. "ಬಿಡು", "ಕೊಡು" ಕೂಡ ಹಾಗೇ. ನಾನು ಇಟ್ಟುಕೊಂಡದ್ದು ಮೂರೇ ಮಾತು. ತರಲು "ತಗೊಂಬಾ", ಕೈಗೆ ಕೊಡಲು "ಕೊಡು", ವಾಸನೆ ಹಿಡಿದು ಹುಡುಕಲು "ಹುಡುಕು". ಕರೆಯುವುದಕ್ಕೂ ಕೂರಿಸುವುದಕ್ಕೂ ಸೀಟಿ. ಯಾಕೆಂದರೆ "ಬಾ" ಎಂದು ದಿನಕ್ಕೆ ನೂರು ಸಲ ಮಕ್ಕಳಿಗೆ, ಹಾಲಿನವರಿಗೆ, ಪಕ್ಕದ ಮನೆಯವರಿಗೆ ಹೇಳುತ್ತಲೇ ಇರುತ್ತೇವೆ. ನಾಯಿಗೆ ಅದು ಸುಮ್ನೆ ಗದ್ದಲವಾಗಿಬಿಡುತ್ತದೆ.

ಸೀಟಿಯ ಪಾಠ

ಪಿಪ್-ಪಿಪ್-ಪಿಪ್ ಎಂದರೆ ಬಾ. ಒಂದೇ ಒಂದು ಉದ್ದ ಊದು ಎಂದರೆ ಇದ್ದಲ್ಲೇ ಕೂರು. ಗನ್ ಡಾಗ್ ಸಾಕುವವರು ಹಿಂದಿನಿಂದ ನಡೆಸಿಕೊಂಡು ಬಂದ ರೂಢಿ ಇದು.

ಬರುವ ಸೀಟಿಯನ್ನು ಊಟದ ಬಟ್ಟಲಿನಿಂದ ಶುರು ಮಾಡಿ. ಬಟ್ಟಲು ಕೆಳಗಿಡುವ ಮುಂಚೆ ಮೆಲ್ಲಗೆ ಮೂರು ಪಿಪ್. ಒಂದು ವಾರ. ಆಮೇಲೆ ಬೇರೆ ಕೋಣೆಯಿಂದ ಊದಿ. ಓಡಿ ಬಂದರೆ "ಹಾ!", ಮತ್ತು ಒಂದಲ್ಲ, ನಾಲ್ಕೈದು ತುಣುಕು ಒಂದರ ಹಿಂದೆ ಒಂದು. ಆಮೇಲೆ ಟೆರೇಸು. ಆಮೇಲೆ ಹಗ್ಗ ಕಟ್ಟಿ ಹೊರಗೆ. ನಾಯಿ ಬರುತ್ತದೆ ಎಂದು ನಿಮಗೆ ಗ್ಯಾರಂಟಿ ಇಲ್ಲದ ಕಡೆ ಊದಲೇಬೇಡಿ. ಊದಿದಾಗ ಬರದಿದ್ದರೆ ಇನ್ನೊಮ್ಮೆ, ಮತ್ತೊಮ್ಮೆ ಊದಬೇಡಿ. ಹಗ್ಗ ಹಿಡಿದು ನಾಯಿಯ ಹತ್ತಿರ ನೀವೇ ನಡೆದುಹೋಗಿ, ಮುಂದಿನ ಸಲ ಅರ್ಧ ದೂರದಿಂದ ಕರೆಯಿರಿ.

ತುಂಬಾ ಜನ ಮಾಡುವ ತಪ್ಪು ಒಂದಿದೆ. ಅರ್ಧ ಗಂಟೆ ಆಡಲು ಬಿಟ್ಟು, ಕೊನೆಗೆ ಒಂದೇ ಸಲ ಕರೆದು ಚೈನು ಹಾಕಿ ಮನೆಗೆ ಕರೆದೊಯ್ಯುತ್ತಾರೆ. ನಾಯಿಯ ಲೆಕ್ಕದಲ್ಲಿ ಆ ಸೀಟಿ ಎಂದರೆ ಆಟ ಮುಗಿಯಿತು. ಹತ್ತು ಸಲ ಕರೆಯಿರಿ, ಒಂಬತ್ತು ಸಲ ತಿಂಡಿ ಕೊಟ್ಟು ಮತ್ತೆ ಬಿಡಿ.

ಕೂರುವ ಸೀಟಿಗೆ ಮೊದಲು ಮನೆಯಲ್ಲಿ ಕೂರುವುದನ್ನು ಕಲಿಸಿ. ತಿಂಡಿಯನ್ನು ಮೂಗಿನಿಂದ ಮೇಲಕ್ಕೆ ಎತ್ತಿದರೆ ಹಿಂಭಾಗ ತಾನಾಗಿ ಕೆಳಗೆ ಹೋಗುತ್ತದೆ. ಅದು ಗಟ್ಟಿಯಾದ ಮೇಲೆ, ಉದ್ದ ಸೀಟಿ, ತಲೆ ಮೇಲೆ ಎತ್ತಿದ ಕೈ, ನಾಯಿ ಕೂತಿತು, "ಹಾ!". ಈಗ ತಿಂಡಿಯನ್ನು ಬಾಯಿಗೆ ಕೊಡದೆ ನಾಯಿಯ ಹಿಂದಕ್ಕೆ ಎಸೆಯಿರಿ. ನಿಮ್ಮ ಹತ್ತಿರ ಬಂದರೆ ಮಾತ್ರ ತಿಂಡಿ ಎಂದಾದರೆ ಪ್ರತಿ ಸೀಟಿಗೂ ಎರಡು ಹೆಜ್ಜೆ ಮುಂದೆ ಬಂದು ಕೂರುತ್ತದೆ. ಹಿಂದೆ ಬಿದ್ದರೆ ದೂರದಲ್ಲೇ ನಿಲ್ಲುವುದು ಲಾಭ. ನಮ್ಮ ಗೇಟು ಒಮ್ಮೆ ತೆರೆದಿತ್ತು. ಬೆಲ್ಲ ಬೆಕ್ಕಿನ ಹಿಂದೆ ರಸ್ತೆಗೆ ಓಡಿದಳು. ಆ ಕಡೆಯಿಂದ ನೀರಿನ ಟ್ಯಾಂಕರ್ ಬರುತ್ತಿತ್ತು. ಒಂದು ಉದ್ದ ಸೀಟಿಗೆ ಫುಟ್‌ಪಾತಿನ ಅಂಚಲ್ಲಿ ಕೂತಳು. ಬೇರೆ ಏನನ್ನೂ ಕಲಿಸದಿದ್ದರೂ ಇದನ್ನು ಕಲಿಸಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಕೊಡುವುದನ್ನು ಮೊದಲು, ಓಡುವುದನ್ನು ಕೊನೆಗೆ

ಸಾಮಾನ್ಯವಾಗಿ ನಾವು ಮೊದಲ ದಿನವೇ ಚೆಂಡು ಎಸೆಯುತ್ತೇವೆ. ನಾಯಿ ಓಡುತ್ತದೆ, ಹಿಡಿಯುತ್ತದೆ, ಆಮೇಲೆ ಕೊಡುವುದಿಲ್ಲ. ನಾವು ಅಟ್ಟಿಸಿಕೊಂಡು ಹೋಗುತ್ತೇವೆ. ನಾಯಿಗೆ ಅದು ಇನ್ನೂ ಮಜಾ. ಈ ಪಾಠವನ್ನು ಬಾಲದಿಂದ ತಲೆಗೆ ಕಲಿಸಬೇಕು. ಕೊನೆಯ ಕೆಲಸವಾದ "ಕೊಡು" ಮೊದಲು ಗಟ್ಟಿಯಾಗಬೇಕು.

ಮೊದಲು ಅದಲುಬದಲು. ನಾಯಿಯ ಬಾಯಲ್ಲಿ ಅದಕ್ಕೆ ಅಷ್ಟೇನೂ ಇಷ್ಟವಿಲ್ಲದ ವಸ್ತು ಇದ್ದಾಗ ಹತ್ತಿರ ಕೂತು "ಕೊಡು" ಎನ್ನಿ. ಒಂದು ಕ್ಷಣ ಬಿಟ್ಟು ಮೂಗಿನ ಹತ್ತಿರ ಕೋಳಿ ತನ್ನಿ. ವಸ್ತು ಬಿದ್ದ ಕೂಡಲೇ "ಹಾ!", ತಿಂಡಿ. ಆಮೇಲೆ, ಇದೇ ಮುಖ್ಯ, ಆ ವಸ್ತುವನ್ನೂ ವಾಪಸ್ ಕೊಡಿ. ಕೊಟ್ಟರೆ ಎರಡು ಸಿಗುತ್ತದೆ, ಬಚ್ಚಿಟ್ಟರೆ ಒಂದೇ. ನಾಲ್ಕೈದು ದಿನದಲ್ಲಿ ನಾಯಿ ತಾನಾಗಿ ವಸ್ತು ತಂದು ತೋರಿಸಲು ಶುರು ಮಾಡುತ್ತದೆ. ಬೆಲ್ಲ ದಿವಾನದ ಕೆಳಗಿಂದ ನನ್ನ ಎಡಗಾಲಿನ ಚಪ್ಪಲಿ ಕಚ್ಚಿಕೊಂಡು ಹೊರಗೆ ಬಂದು ನನ್ನ ಮೊಣಕಾಲ ಮೇಲೆ ಇಟ್ಟ ದಿನ ನನಗೆ ನಿಜವಾಗಿ ಕಣ್ಣು ತುಂಬಿತು. ತಿಂಗಳುಗಟ್ಟಲೆ ನನ್ನನ್ನು ಕಂಡರೆ ಓಡುತ್ತಿದ್ದವಳು ಅವಳು.

ಆಮೇಲೆ ಹಿಡಿಯುವುದು. ನೆಲದಲ್ಲಿ ಕೂತು ಡಮ್ಮಿಯನ್ನು ನಾಯಿಯ ಮುಂದೆ ಹಿಡಿಯಿರಿ. ಮೂಗು ತಾಗಿಸಿದರೆ "ಹಾ!". ಹತ್ತು ಸಲ ಆದ ಮೇಲೆ ಮೂಗಿಗೆ ಬಹುಮಾನ ಇಲ್ಲ, ಬಾಯಿ ತೆರೆದರೆ ಮಾತ್ರ. ಆಮೇಲೆ ಕಚ್ಚಿದರೆ ಮಾತ್ರ. ಆಮೇಲೆ ನಿಮ್ಮ ಕೈ ಬಿಟ್ಟಾಗಲೂ ಹಿಡಿದಿದ್ದರೆ. ಒಂದು ಸೆಕೆಂಡ್, ಎರಡು, ಐದು. "ಹಾ!" ಎನ್ನಬೇಕಾದ್ದು ಡಮ್ಮಿ ಬಾಯಲ್ಲಿ ಅಲುಗಾಡದೆ ಇರುವಾಗ. ಬೀಳಿಸಿದ ಮೇಲೆ ಹೇಳಿದರೆ ಬೀಳಿಸುವುದನ್ನೇ ಕಲಿಸಿದಂತೆ. ಜಗಿಯುವಾಗ ಹೇಳಿದರೆ ಜಗಿಯುವುದನ್ನು. ನಾಯಿ ಜಗಿಯುತ್ತಿದ್ದರೆ ಸಮಯ ಜಾಸ್ತಿ ಆಯಿತು ಎಂದರ್ಥ. ಎರಡು ಸೆಕೆಂಡಿಗೆ ಇಳಿಯಿರಿ.

ತೆಗೆದುಕೊಳ್ಳುವಾಗ ಕೈ ಗದ್ದದ ಕೆಳಗಿನಿಂದ ಬರಲಿ. ತಲೆ ಮೇಲಿಂದ ಬರುವ ಕೈ ಕಸಿಯುವ ಕೈ ಎಂದು ನಾಯಿಗೆ ಅನಿಸುತ್ತದೆ. ಬಂದ ಕೂಡಲೇ ಕಸಿದುಕೊಳ್ಳಬೇಡಿ. ಬಾಯಲ್ಲಿ ಇರುವಾಗಲೇ ಎದೆ, ಬೆನ್ನು ಸವರಿ. "ಒಳ್ಳೆ ಹುಡುಗಿ" ಎನ್ನಿ. ಹೆಮ್ಮೆಯಿಂದ ನಿಂತಿರುತ್ತದೆ. ಸಾಕಷ್ಟು ಹೊತ್ತಾದ ಮೇಲೆ "ಕೊಡು".

ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತದೆ. ಒಸಡು ನೋಯುತ್ತದೆ. ಆಗ ಈ ಪಾಠ ನಿಲ್ಲಿಸಿ, ಸೀಟಿಯ ಪಾಠ ಮುಂದುವರಿಸಿ.

ಬಿದ್ದರೂ ಓಡದೆ ಕೂರುವುದು

ಗನ್ ಡಾಗ್ ತರಬೇತಿಯ ಜೀವ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಹಕ್ಕಿ ಬಿದ್ದ ಕೂಡಲೇ ಓಡುವ ನಾಯಿ ಬೇಟೆಯಲ್ಲಿ ಅಪಾಯ. ಚೆಂಡು ಉರುಳಿದ ಕೂಡಲೇ ಓಡುವ ನಾಯಿ ಬೆಂಗಳೂರಿನ ರಸ್ತೆಯಲ್ಲಿ ಅಷ್ಟೇ ಅಪಾಯ.

ನಾಯಿ ಕೂತಿರಲಿ. ಎರಡು ಮೀಟರ್ ದೂರದಲ್ಲಿ ಡಮ್ಮಿಯನ್ನು ಮೆಲ್ಲಗೆ ನೆಲದ ಮೇಲಿಡಿ, ನೀವೇ ಎತ್ತಿಕೊಳ್ಳಿ, ನಾಯಿಯ ಹತ್ತಿರ ಹೋಗಿ ಕೂತಲ್ಲೇ ತಿಂಡಿ ಕೊಡಿ. ಆಮೇಲೆ ಮೊಣಕಾಲೆತ್ತರದಿಂದ ಬೀಳಿಸಿ. ಆಮೇಲೆ ಎಸೆಯಿರಿ. ಒಬ್ಬರು ಡಮ್ಮಿಯ ಪಕ್ಕ ನಿಂತಿರಲಿ. ನಾಯಿ ಎದ್ದು ಓಡಿದರೆ ಅವರು ಎತ್ತಿಕೊಳ್ಳಲಿ, ಅಷ್ಟೇ. ಬೈಗುಳ ಬೇಡ, ಹಗ್ಗ ಜಗ್ಗುವುದೂ ಬೇಡ. ಓಡಿದರೆ ಡಮ್ಮಿ ಮಾಯ, ಕೂತರೆ ಸಿಗುತ್ತದೆ. ಇದನ್ನು ನಾಯಿ ತಾನೇ ಕಂಡುಕೊಳ್ಳುತ್ತದೆ. ಎರಡು ಸಲ ಸತತ ಓಡಿದರೆ ನಿಮ್ಮ ಪಾಠ ಕಷ್ಟವಾಯಿತು. ಮತ್ತೆ ನೆಲದ ಮೇಲಿಡುವುದಕ್ಕೆ ಹೋಗಿ.

ಹತ್ತು ಸಲ ಎಸೆದರೆ ಏಳು ಸಲ ನೀವೇ ತನ್ನಿ. ಮೂರು ಸಲ ಮಾತ್ರ ನಾಯಿಗೆ. ಎಲ್ಲ ಎಸೆತವೂ ತನ್ನದೇ ಎಂದು ತಿಳಿದ ನಾಯಿ ಕೂರುವುದಿಲ್ಲ.

ಈಗ ಎಲ್ಲವನ್ನೂ ಜೋಡಿಸಿ

ಅಪಾರ್ಟ್‌ಮೆಂಟಿನ ಉದ್ದ ಕಾರಿಡಾರು ಇದಕ್ಕೆ ಒಳ್ಳೆ ಜಾಗ. ಎರಡೂ ಕಡೆ ಗೋಡೆ, ಡಮ್ಮಿ ತೆಗೆದುಕೊಂಡ ನಾಯಿಗೆ ನಿಮ್ಮ ಕಡೆ ಬರದೆ ಬೇರೆ ದಾರಿ ಇಲ್ಲ. ಟೈಲ್ಸ್ ಜಾರುತ್ತದೆ, ಚಾಪೆ ಹಾಸಿ. ಲ್ಯಾಬ್ರಡಾರ್‌ಗಳಿಗೆ ಸೊಂಟದ ಕೀಲಿನ ತೊಂದರೆ ಹೆಚ್ಚು. ವರ್ಷ ತುಂಬುವ ತನಕ ಜಿಗಿತ, ಗಕ್ಕನೆ ತಿರುಗುವ ಓಟ ಬೇಡ.

ನಾಯಿ ಕೂತಿದೆ. ಡಮ್ಮಿ ಐದು ಮೀಟರ್ ದೂರ ಬಿತ್ತು. ಮೂರು ಎಣಿಸಿ. ಕೈ ಚಾಚಿ "ತಗೊಂಬಾ". ಎತ್ತಿಕೊಂಡ ಕೂಡಲೇ ಪಿಪ್-ಪಿಪ್-ಪಿಪ್, ನೀವು ಹಿಂದೆ ಹಿಂದೆ ಹೆಜ್ಜೆ ಹಾಕಿ. ನಾಯಿಯ ಕಡೆಗೆ ಎಂದೂ ಹೋಗಬೇಡಿ. ಬಂದಾಗ ಸವರಿ, "ಕೊಡು", "ಹಾ!", ತಿಂಡಿ. ಇಂಥದ್ದು ಒಂದು ಪಾಠಕ್ಕೆ ಮೂರೋ ನಾಲ್ಕೋ ಸಾಕು. ಇನ್ನೂ ಬೇಕು ಎಂದು ಕಣ್ಣು ಅರಳಿಸಿ ನೋಡುತ್ತಿರುವಾಗಲೇ ನಿಲ್ಲಿಸಿ. ಎರಡು ನಾಯಿ ಇರುವವರು "ತಗೊಂಬಾ" ಬದಲು ಹೆಸರು ಹಿಡಿದು ಕಳಿಸಬಹುದು. ಬ್ರಿಟನ್ನಿನಲ್ಲೂ ಹಾಗೇ ಮಾಡುತ್ತಾರೆ, ಒಂದು ಹೋದಾಗ ಇನ್ನೊಂದು ಕೂತಿರಲು ಕಲಿಯುತ್ತದೆ.

ಡಮ್ಮಿ ಹಿಡಿದು ದೂರ ಓಡುತ್ತಿದ್ದರೆ "ಕೊಡು" ಪಾಠ ಅರೆಬೆಂದಿದೆ. ಅರ್ಧ ದಾರಿಯಲ್ಲಿ ಬೀಳಿಸಿ ತಿಂಡಿಗೆ ಓಡಿ ಬಂದರೆ ತಿಂಡಿ ಕಣ್ಣಿಗೆ ಬೀಳುತ್ತಿದೆ, ಚೀಲದೊಳಗೆ ಇಡಿ. ಹೊರಗೆ ತಿಂಡಿಯನ್ನೇ ಮೂಸುವುದಿಲ್ಲ ಎಂದರೆ ನಾಯಿ ಹೆದರಿದೆ ಅಥವಾ ಸುತ್ತಲಿನ ಗದ್ದಲ ಜಾಸ್ತಿಯಾಗಿದೆ. ಮನೆಗೆ ಹಿಂದಿರುಗಿ, ಇನ್ನೊಂದು ಶಾಂತ ಜಾಗ ನೋಡಿ.

"ಹುಡುಕು" ಕಲಿಸುವುದು ಸುಲಭ, ನಾಯಿಗೆ ಎಲ್ಲಕ್ಕಿಂತ ಖುಷಿ. ಮೊದಲು ನೋಡುತ್ತಿರುವಾಗಲೇ ಡಮ್ಮಿಯನ್ನು ಪರದೆಯ ಹಿಂದೆ ಇಡಿ. ಆಮೇಲೆ ಕಾಣದ ಹಾಗೆ. ಆಮೇಲೆ ಹುಲ್ಲಿನಲ್ಲಿ, ಗಾಳಿ ಡಮ್ಮಿಯ ಕಡೆಯಿಂದ ನಾಯಿಯ ಕಡೆ ಬೀಸುವ ಹಾಗೆ ನಿಂತು ಕಳಿಸಿ. ಮೂಗು ಎತ್ತಿ, ಗಕ್ಕನೆ ತಿರುಗಿ, ಬಾಲ ಜೋರಾಗಿ ಆಡಿಸಿದರೆ ವಾಸನೆ ಸಿಕ್ಕಿತು. ಸುಮ್ಮನಿರಿ, ಸಹಾಯ ಮಾಡಬೇಡಿ. ಮಳೆ ಸುರಿಯುವ ಜುಲೈ ಸಂಜೆಗಳಲ್ಲಿ ಹೊರಗೆ ಹೋಗಲಾಗದಿದ್ದಾಗ ಮನೆಯೊಳಗೆ ಹತ್ತು ನಿಮಿಷ ಹುಡುಕಿಸಿದರೆ ಬೆಲ್ಲ ದೊಡ್ಡ ವಾಕ್ ಮುಗಿಸಿದಂತೆ ಮಲಗುತ್ತಾಳೆ.

ಶಬ್ದ ಮತ್ತು ದೀಪಾವಳಿ

ಗನ್ ಡಾಗ್ ಬಂದೂಕಿನ ಸದ್ದಿಗೆ ಹೆದರಬಾರದು. ನಮಗೆ ಬಂದೂಕಿಲ್ಲ, ಆದರೆ ದೀಪಾವಳಿಯ ಪಟಾಕಿ ಇದೆ, ಗಣೇಶನ ಮೆರವಣಿಗೆಯ ತಮಟೆ ಇದೆ. ಪಾಠ ಒಂದೇ. ಹಬ್ಬಕ್ಕೆ ಎರಡು ಮೂರು ತಿಂಗಳು ಮುಂಚೆ ಶುರು ಮಾಡಿ. ನಾಯಿ ಊಟ ಮಾಡುವಾಗ ದೂರದ ಕೋಣೆಯಲ್ಲಿ ಸ್ಟೀಲ್ ತಟ್ಟೆ ಮೆಲ್ಲಗೆ ಕುಟ್ಟಿ. ಮೊಬೈಲಿನಲ್ಲಿ ಪಟಾಕಿ ಸದ್ದನ್ನು ಕೇಳಿಸಿಯೂ ಕೇಳಿಸದ ಹಾಗೆ ಹಾಕಿ. ಸದ್ದಾದ ಮೇಲೆ ತಿಂಡಿ, ಪ್ರತಿ ಸಲ. ಕಿವಿ ನಿಮಿರಿಸಿ ಮತ್ತೆ ತಿನ್ನಲು ಶುರು ಮಾಡಿದರೆ ಸರಿ. ತಿನ್ನುವುದನ್ನು ನಿಲ್ಲಿಸಿದರೆ ಸದ್ದು ಜಾಸ್ತಿಯಾಯಿತು. ಹಬ್ಬದ ದಿನ ಅಭ್ಯಾಸ ಆಗಲಿ ಎಂದು ಟೆರೇಸಿಗೆ ಕರೆದೊಯ್ಯಬೇಡಿ. ಒಂದು ಆಟಂ ಬಾಂಬ್ ಮೂರು ತಿಂಗಳ ಪಾಠವನ್ನು ಅಳಿಸುತ್ತದೆ. ಆ ರಾತ್ರಿ ಒಳಕೋಣೆ, ಮುಚ್ಚಿದ ಕಿಟಕಿ, ನಿಮ್ಮ ಜೊತೆ. ಈಗಾಗಲೇ ನಡುಗುವ ನಾಯಿಯಾದರೆ ಹಬ್ಬಕ್ಕೆ ಮುಂಚೆ ಪಶುವೈದ್ಯರನ್ನು ಕಾಣಿ.

ಊರಲ್ಲಿ ಜಾಗ ಎಲ್ಲಿ

ಕಬ್ಬನ್ ಪಾರ್ಕಿನಲ್ಲಿ ನಾಯಿಯನ್ನು ಹಗ್ಗದಲ್ಲೇ ಇಟ್ಟುಕೊಳ್ಳಬೇಕು. ಕೂರುವ ಪಾಠ, ಗದ್ದಲದ ನಡುವೆ ನಿಮ್ಮ ಮುಖ ನೋಡುವ ಪಾಠಕ್ಕೆ ಒಳ್ಳೆಯ ಜಾಗ, ಎಸೆಯುವುದಕ್ಕಲ್ಲ. ಬಡಾವಣೆಯ ಖಾಲಿ ಸೈಟಿಗೆ ಹೋಗುವ ಮುಂಚೆ ನೀವೊಬ್ಬರೇ ಒಂದು ಸುತ್ತು ನಡೆದು ನೋಡಿ. ಗಾಜಿನ ಚೂರು, ಕಾಂಗ್ರೆಸ್ ಗಿಡ, ಮಳೆಗಾಲದಲ್ಲಿ ಹಾವು. ಊರಾಚೆ ಕನಕಪುರ ರಸ್ತೆ, ದೇವನಹಳ್ಳಿ ಕಡೆ ಪರಿಚಯದವರ ತೋಟ ಇದ್ದರೆ ಅವರನ್ನು ಕೇಳಿಕೊಂಡು ಭಾನುವಾರ ಬೆಳಿಗ್ಗೆ ಹೋಗಿ.

ಕೆರೆಗಳಿಗೆ ಮಾತ್ರ ಇಳಿಸಬೇಡಿ. ಲ್ಯಾಬ್ರಡಾರ್‌ಗೆ ನೀರು ಕಂಡರೆ ಪ್ರಾಣ, ಗೊತ್ತು. ಆದರೆ ಚರಂಡಿ ಸೇರುವ ಕೆರೆಯ ನೀರಿನಿಂದ ಇಲಿ ಜ್ವರ ಬರಬಹುದು. ನಾಯಿಗೂ, ಅದರಿಂದ ನಿಮಗೂ. ಅಲ್ಲದೆ ಹೆಬ್ಬಾಳ, ಜಕ್ಕೂರಿನ ಕೆರೆಗಳಲ್ಲಿ ಹೆಜ್ಜಾರ್ಲೆ, ನಾಮಗೋಳಿಗಳು ಬದುಕುತ್ತವೆ. ಅವುಗಳ ಹಿಂದೆ ನಮ್ಮ ನಾಯಿ ಓಡಬಾರದು. ಈಜಿಸಲೇಬೇಕೆಂದರೆ ನಾಯಿಗಳಿಗೆಂದೇ ಮಾಡಿದ ಕೊಳಗಳಿವೆ.

ಬೀದಿನಾಯಿಗಳ ವಿಷಯ. ಪಾಲಿಕೆಯ 2023ರ ಗಣತಿಯಲ್ಲಿ ಸುಮಾರು 2.79 ಲಕ್ಷ ಇದ್ದವು. ಪ್ರತಿ ಗಲ್ಲಿಯೂ ಯಾವುದೋ ಒಂದು ಗುಂಪಿನದ್ದು. ಅವುಗಳ ಜಾಗದಲ್ಲಿ ನಿಂತು ಡಮ್ಮಿ ಎಸೆದರೆ ಅವು ಸುಮ್ಮನಿರುವುದಿಲ್ಲ, ತಪ್ಪೂ ಅಲ್ಲ. ಹತ್ತಿರ ಬಂದರೆ ಡಮ್ಮಿಯನ್ನು ಚೀಲಕ್ಕೆ ಹಾಕಿ, ಎರಡರ ನಡುವೆ ನೀವು ನಿಂತು, ಓಡದೆ ನಿಧಾನವಾಗಿ ಹೊರಡಿ. ಹುಚ್ಚುನಾಯಿ ರೋಗದ ಲಸಿಕೆ ಪ್ರತಿ ವರ್ಷ ತಪ್ಪದೆ ಹಾಕಿಸಿ.

ಸಮಯ ಬೆಳಿಗ್ಗೆ ಆರರಿಂದ ಏಳೂವರೆ. ಮಾರ್ಚ್‌ನಿಂದ ಮೇ ತನಕ ಸಂಜೆ ಆರಕ್ಕೂ ಟಾರು ಕಾದಿರುತ್ತದೆ. ಹಿಂಗೈಯನ್ನು ಐದು ಸೆಕೆಂಡ್ ರಸ್ತೆಗೆ ಒತ್ತಿ ಹಿಡಿಯಿರಿ. ನಿಮಗೆ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು.

ಮನೆಗೆ ಬಂದ ಮೇಲೆ ಎರಡು ಕೆಲಸ ಬಾಕಿ ಇರುತ್ತದೆ. ಹುಲ್ಲಿನಲ್ಲಿ ಓಡಾಡಿದ ನಾಯಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕಂಕುಳಲ್ಲಿ ರಕ್ತ ಹೀರುವ ಉಣ್ಣೆ ಹುಳ ಹತ್ತಿದೆಯೇ ಎಂದು ಬೆರಳಾಡಿಸಿ ನೋಡಿ. ಬೆಂಗಳೂರಿನ ನಾಯಿಗಳಲ್ಲಿ ಉಣ್ಣೆ ಜ್ವರ ತುಂಬಾ ಸಾಮಾನ್ಯ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ಹತ್ತಿಸಿ ಹಿಡಿದು ನೇರವಾಗಿ ಎಳೆಯಿರಿ. ಮುಂದಿನ ದಿನಗಳಲ್ಲಿ ಊಟ ಬಿಟ್ಟು ಮಂಕಾದರೆ ಡಾಕ್ಟರ ಹತ್ತಿರ ಹೋಗಿ. ಆಮೇಲೆ ಬೆಳಗಿನ ಪಾಠದಲ್ಲಿ ಎಷ್ಟು ತಿಂಡಿ ಖರ್ಚಾಯಿತೋ ಅಷ್ಟನ್ನು ಅದರ ಊಟದ ಬಟ್ಟಲಿನಿಂದ ತೆಗೆದು ಪಕ್ಕಕ್ಕಿಡಿ. ಸಂಜೆಯ ಪಾಠಕ್ಕೆ ಅದೇ ಆಗುತ್ತದೆ.